ಗಾಜು ಒಡೆದ ಮುನಿಕೆಂಪಮ್ಮ

ಹುಣಸಮಾರನಹಳ್ಳಿಯ ಆ ಛತ್ರಕ್ಕೆ ಮದುವೆಗೆಂದು ಬಂದವರಿಗೆ ಮೊದಲು ಎದುರಾಗುತ್ತಿದ್ದುದು ಮದುಮಕ್ಕಳ ಹೆಸರು ಬರೆದ ಹೂವಿನ ಕಮಾನಲ್ಲ, ಮುನಿಕೆಂಪಮ್ಮ. ಏರ್‌ಪೋರ್ಟ್ ರಸ್ತೆಯಿಂದ ಸರ್ವಿಸ್ ರೋಡಿಗೆ ಇಳಿದು ಒಳಗೆ ತಿರುಗಿದರೆ ಸಾಕು, ಸೀರೆಯ ಮೇಲೆ ಗಂಡನ ಹಳೆಯ ಶರ್ಟು ತೊಟ್ಟು, ತಲೆಗೆ ಟವಲು ಸುತ್ತಿ, ಕೊರಳಿಗೆ ಸೀಟಿ ನೇತುಹಾಕಿಕೊಂಡ ಆಕೆ ಕೈ ಬೀಸುತ್ತ ನಿಂತಿರುತ್ತಿದ್ದಳು. ಡ್ರೈವರುಗಳಿಗೆಲ್ಲ ಆಕೆ ಪಾರ್ಕಿಂಗ್ ಅಜ್ಜಿ. "ಲೆಫ್ಟು, ಲೆಫ್ಟು, ಇನ್ನೊಂಚೂರು ಬಾರಪ್ಪ, ಸಾಕು ಬುಡು" ಎಂದು ಆಕೆ ಹೇಳಿದಂತೆ ತಿರುಗಿಸಿದರೆ ಎಷ್ಟು ದೊಡ್ಡ ಗಾಡಿಯಾದರೂ ಪಕ್ಕದ್ದಕ್ಕೆ ತಾಗದೆ ಹೋಗಿ ನಿಲ್ಲುತ್ತಿತ್ತು.

ಆ ಬಯಲು ಆಕೆಯದೇ. ಮದುವೆಯಾಗಿ ಬಂದ ಹೊಸತರಲ್ಲಿ ಅಲ್ಲಿ ರಾಗಿ ಬೆಳೆಯುತ್ತಿದ್ದರು. ಆಮೇಲೆ ಗಂಡ ಮುನಿಆಂಜಿನಪ್ಪ ದ್ರಾಕ್ಷಿ ಹಾಕಿದ. ಕಾಲ ಕಳೆದಂತೆ ದ್ರಾಕ್ಷಿಯೂ ಹೋಯಿತು, ಗಂಡನೂ ಹೋದ, ಸುತ್ತಲ ಹೊಲಗಳೆಲ್ಲ ಸೈಟುಗಳಾದವು, ಜಮೀನಿನ ಒಂದು ಭಾಗದಲ್ಲಿ ಛತ್ರ ಎದ್ದಿತು. ಉಳಿದ ಭಾಗವನ್ನು ಮಗ ಯೋಗಾನಂದ ಛತ್ರದವರಿಗೇ ಪಾರ್ಕಿಂಗಿಗೆಂದು ಬಾಡಿಗೆಗೆ ಕೊಟ್ಟು, ತಾನೊಂದು ನೀರಿನ ಟ್ಯಾಂಕರ್ ಇಟ್ಟುಕೊಂಡ. ಬಳ್ಳಿ ಹಬ್ಬಿಸಲು ನೆಟ್ಟಿದ್ದ ಕಲ್ಲುಕಂಬಗಳನ್ನು ಮಾತ್ರ ಯಾರೂ ಕೀಳಲಿಲ್ಲ. ಅವು ಸಾಲುಸಾಲಾಗಿ ನಿಂತೇ ಇದ್ದವು, ಅವುಗಳ ನಡುವೆ ಕಾರುಗಳು ನಿಲ್ಲತೊಡಗಿದವು. ಮನೆಯಲ್ಲಿ ಸುಮ್ಮನೆ ಕೂತರೆ ಮಂಡಿ ಹಿಡಿದುಕೊಳ್ಳುತ್ತದೆ ಎಂದು ಮುನಿಕೆಂಪಮ್ಮ ತಾನೇ ಹೋಗಿ ಗೇಟಿನಲ್ಲಿ ನಿಂತಳು. "ಒಂದೊಂದ್ ಕಾಲ್ದಲ್ಲಿ ಒಂದೊಂದ್ ಬೆಳೆ ಕಣಪ್ಪ. ರಾಗಿ ಆಯ್ತು, ದ್ರಾಕ್ಷಿ ಆಯ್ತು, ಈಗ ಕಾರು," ಎಂದು ನಗುತ್ತಿದ್ದಳು.

ಆಕೆಗೆ ಜೊತೆಯಾಗಿ ರಾಣಿ ಎಂಬ ಒಂದು ಕಂದು ನಾಯಿ ಇತ್ತು. ಯಾರೋ ಏರ್‌ಪೋರ್ಟ್ ಕಡೆ ಹೋಗುವಾಗ ಮರಿಯಲ್ಲೇ ಬಿಟ್ಟುಹೋದದ್ದು. ಛತ್ರದ ಅನ್ನ ತಿಂದು ರಾಣಿಯ ಹಾಗೆಯೇ ಮೈ ಬೆಳೆಸಿಕೊಂಡಿತ್ತು. ಒಂದು ಏಪ್ರಿಲ್ ಮಧ್ಯಾಹ್ನ ಅದು ಕಾಣೆಯಾಯಿತು. ಕರೆದರೂ ಬರಲಿಲ್ಲ. ಸಂಜೆಯ ಹೊತ್ತಿಗೆ ಅಡುಗೆಯವರು ಪಾತ್ರೆ ತುಂಬಲೆಂದು ತಮ್ಮ ಮುಚ್ಚಿದ ಟೆಂಪೋದ ಬಾಗಿಲು ತೆಗೆದಾಗ ರಾಣಿ ಒಳಗೆ ಅಡ್ಡಬಿದ್ದಿತ್ತು. ಸಾರಿನ ವಾಸನೆಗೆ ಹತ್ತಿ ಕೂತದ್ದನ್ನು ನೋಡದೆ ಯಾರೋ ಬಾಗಿಲು ಹಾಕಿದ್ದರು. ನಾಲಿಗೆ ಇಷ್ಟುದ್ದ ಹೊರಗೆ ಬಿದ್ದಿತ್ತು, ಮೈ ಮುಟ್ಟಿದರೆ ಒಲೆಯ ಮೇಲಿನ ಹೆಂಚಿನ ಹಾಗೆ ಸುಡುತ್ತಿತ್ತು.

ಮುನಿಕೆಂಪಮ್ಮ ಗೋಣಿಚೀಲ ನೆನೆಸಿ ನಾಯಿಗೆ ಬಿಗಿಯಾಗಿ ಸುತ್ತಿದಳು. ಯೋಗಾನಂದನ ಟ್ಯಾಂಕರಿನ ಮುಂದಿನ ಸೀಟಿನಲ್ಲಿ ಅದನ್ನು ತೊಡೆಯ ಮೇಲೆ ಹಾಕಿಕೊಂಡು ಯಲಹಂಕದ ಒಂದು ಪ್ರಾಣಿಗಳ ಕ್ಲಿನಿಕ್ಕಿಗೆ ಓಡಿದಳು. ಅಲ್ಲಿದ್ದ ಡಾಕ್ಟರು ಜೈನಾಬ್ ಮೊದಲು ಮಾಡಿದ ಕೆಲಸವೆಂದರೆ ಆ ಗೋಣಿಚೀಲ ಕಿತ್ತು ಎಸೆದದ್ದು.

"ಒದ್ದೆ ಚೀಲ ಸುತ್ತಿದ್ರೆ ಒಳಗಿನ ಬಿಸಿ ಒಳಗೇ ಉಳ್ಕೊಳ್ಳುತ್ತೆ ಅಮ್ಮ. ನೀರು ಮೈಗೆ ಹಾಕ್ತಾ ಇರಬೇಕು, ಗಾಳಿ ಬೀಸ್ತಾ ಇರಬೇಕು," ಎಂದು ಆಕೆ ಫ್ಯಾನು ಎಳೆದು ನಾಯಿಯ ಮುಂದಿಟ್ಟರು. ರಾಣಿಯ ಹೊಟ್ಟೆಗೆ, ತೊಡೆಸಂದಿಗೆ, ಪಾದಗಳಿಗೆ ನೀರು ಹಾಕಿದರು, ಸೂಜಿ ಚುಚ್ಚಿ ಬಾಟಲಿ ಏರಿಸಿದರು. ಬಹಳ ಹೊತ್ತಿನ ಮೇಲೆ ರಾಣಿ ಚೇತರಿಸಿಕೊಂಡು ತಲೆ ಎತ್ತಿ ಮುನಿಕೆಂಪಮ್ಮನ ಕೈ ನೆಕ್ಕಿದಾಗ, ಗಂಡ ಸತ್ತಾಗಲೂ ಹತ್ತು ಜನರ ಮುಂದೆ ಅಳದಿದ್ದ ಹೆಂಗಸು ಬಿಕ್ಕಿಬಿಕ್ಕಿ ಅತ್ತಳು.

ಆ ದಿನ ಡಾಕ್ಟರು ಪುರುಸೊತ್ತು ಮಾಡಿಕೊಂಡು ಕೂತು ಆಕೆಗೆ ಬಿಡಿಸಿ ಹೇಳಿದರು. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಅದು ತೇಕಿಯೇ ಮೈ ತಂಪು ಮಾಡಿಕೊಳ್ಳಬೇಕು, ಉಸಿರಾಡುವ ಗಾಳಿಯೇ ಕಾದರೆ ದಾರಿಯೇ ಇಲ್ಲ. ಮೂತಿ ಚಪ್ಪಟೆಯಾದ ನಾಯಿಗಳಂತೂ ಇನ್ನೂ ಬೇಗ ಬೀಳುತ್ತವೆ. ಬಿಸಿಲಲ್ಲಿ ನಿಂತ ಕಾರು ನೋಡನೋಡುತ್ತಿದ್ದಂತೆ ಕಾಯುತ್ತದೆ, ಕಿಟಕಿ ಬೆರಳಷ್ಟು ಬಿಟ್ಟರೂ ಅದು ಕಡಿಮೆಯಾಗುವುದಿಲ್ಲ.

"ಸಣ್ ಮಕ್ಳೂ ಅಷ್ಟೇ ಅಮ್ಮ. ನಮಗಿಂತ ಬೇಗ ಅವ್ರ ಮೈ ಕಾಯುತ್ತೆ. ಬಾಗ್ಲು ತೆಗೆದು ಇಳಿಯೋಕೆ ಅವ್ರಿಗೆ ಬರಲ್ಲ," ಎಂದರು ಜೈನಾಬ್.

ಆ ಮಾತು ಮುನಿಕೆಂಪಮ್ಮನ ಎದೆಯಲ್ಲಿ ಕೂತಿತು. ಮರುದಿನದಿಂದ ಆಕೆ ಕಾರು ನಿಲ್ಲಿಸಿದವರನ್ನೆಲ್ಲ ತಡೆದು ಕೇಳತೊಡಗಿದಳು. ಒಳಗೆ ನಾಯಿ ಇದೆಯಾ, ಮಗು ಮಲಗಿದೆಯಾ, ಎಲ್ಲರೂ ಇಳಿದರಾ. ಗಾಡಿಗಳ ಸಾಲಿನ ನಡುವೆ ಓಡಾಡಿ ಗಾಜಿಗೆ ಮುಖ ಒತ್ತಿ ಇಣುಕುತ್ತಿದ್ದಳು. ಕೆಲವರು ನಕ್ಕು ಉತ್ತರ ಕೊಟ್ಟರು, ಕೆಲವರು ಮುಖ ಗಂಟಿಕ್ಕಿದರು.

"ನೆರಳಲ್ಲೇ ನಿಲ್ಸಿದೀನಲ್ಲ ಅಜ್ಜಿ," ಎಂದ ಒಬ್ಬ, ನಾಯಿಯನ್ನು ಒಳಗೇ ಬಿಟ್ಟು ಹೊರಟವನು.

"ಈಗೈತೆ ನೆರಳು. ನೀನು ಊಟ ಮುಗಿಸ್ಕೊಂಡ್ ಬರೋ ಹೊತ್ಗೆ ಅದು ಆ ಕಡೆ ಓಗಿರ್ತದೆ. ಆಗ ಏನ್ ಮಾಡ್ತೀಯ?"

ಅವನು ಗೊಣಗುತ್ತ ನಾಯಿಯನ್ನು ಇಳಿಸಿಕೊಂಡು ಹೋದ. ಆದರೆ ಹೋದವನು ಸುಮ್ಮನಿರಲಿಲ್ಲ. ಈ ಹೆಂಗಸು ಕಾರಿನೊಳಗೆಲ್ಲ ಇಣುಕುತ್ತಾಳೆ, ಏನಾದರೂ ಕಳೆದುಹೋದರೆ ಯಾರು ಜವಾಬ್ದಾರಿ ಎಂದು ಛತ್ರದ ಮ್ಯಾನೇಜರಿಗೆ ದೂರು ಕೊಟ್ಟ. ಮ್ಯಾನೇಜರ್ ಶಿವರಾಮ್ ಕೆಟ್ಟವನಲ್ಲ. ಆದರೆ ಮದುವೆಯ ದಿನ ಹೂವಿನವರು, ವಾಲಗದವರು, ಎರಡೂ ಕಡೆಯ ಬೀಗರು ಎಲ್ಲರೂ ಅವನ ತಲೆಯ ಮೇಲೇ ಕೂತಿರುತ್ತಿದ್ದರು. ಅವನು ಸಂಜೆ ಪಾರ್ಕಿಂಗಿಗೆ ಬಂದ.

"ಕೆಂಪಮ್ಮೋರೇ, ನಿಮ್ ಕೆಲ್ಸ ಗೇಟು. ಕಾರೊಳಗೆ ಏನಿದ್ರೆ ನಿಮಗೇನು? ಗೆಸ್ಟ್‌ಗಳು ಬೇಜಾರು ಮಾಡ್ಕೋತಾರೆ. ಇನ್ಮೇಲೆ ಗಾಡಿಗಳ ಮಧ್ಯೆ ಹೋಗ್ಬೇಡಿ."

"ಜೀವ ಇದ್ರೆ ಶಿವರಾಮಪ್ಪ?"

"ಇದ್ರೆ ನನಗೆ ಹೇಳಿ. ನಾನು ನೋಡ್ಕೋತೀನಿ."

ರಾತ್ರಿ ಊಟಕ್ಕೆ ಕೂತಾಗ ಯೋಗಾನಂದನೂ ಅದನ್ನೇ ಹೇಳಿದ. "ಅಮ್ಮ, ಒಂದ್ ಕಾರಿಗೆ ಗೀಚು ಬಿದ್ರೂ ನಮ್ ಮೇಲೇ ಹಾಕ್ತಾರೆ. ಮುಟ್ಬೇಡ ಕಣಮ್ಮ." ಮುನಿಕೆಂಪಮ್ಮ ಮುದ್ದೆ ಮುರಿಯುತ್ತ "ಊಂ" ಎಂದಳು. ಆ ಊಂ ಒಪ್ಪಿಗೆಯಲ್ಲ ಎಂದು ಸೊಸೆ ಸರಳಾಳಿಗೆ ಗೊತ್ತಿತ್ತು. ಆಕೆ ಗಂಡನ ಕಡೆ ನೋಡಿ ಸಾರು ಬಡಿಸಿದಳು.

ಮೇ ತಿಂಗಳ ಒಂದು ಭಾನುವಾರ. ಆ ವರ್ಷದ ಒಳ್ಳೆಯ ಮುಹೂರ್ತಗಳೆಲ್ಲ ಅದೇ ದಿನಕ್ಕೆ ಕೂಡಿಬಂದ ಹಾಗೆ, ರಸ್ತೆಯ ಉದ್ದಕ್ಕೂ ಛತ್ರಗಳು ತುಂಬಿದ್ದವು. ಬೆಳಗಿನ ತಿಂಡಿಯ ಹೊತ್ತಿಗೇ ನೆಲ ಕಾದು, ಯಲಹಂಕದ ಏರ್‌ಫೋರ್ಸ್ ನಿಲ್ದಾಣದ ಕಡೆಯಿಂದ ಬೀಸುವ ಗಾಳಿ ಮುಖಕ್ಕೆ ಹೊಡೆದಂತಾಗುತ್ತಿತ್ತು. ಮುನಿಕೆಂಪಮ್ಮ ಗೇಟಿನಲ್ಲಿ ನಿಂತು ಗಾಡಿಗಳನ್ನು ಒಳಗೆ ಬಿಡುತ್ತಿದ್ದಳು.

ಮುಹೂರ್ತಕ್ಕೆ ಸ್ವಲ್ಪವೇ ಹೊತ್ತಿದ್ದಾಗ ಒಂದು ಬಿಳಿ ಕಾರು ಧೂಳೆಬ್ಬಿಸುತ್ತ ಬಂತು. ಹಿಂದಿನ ಕಿಟಕಿಗಳಿಗೆ ಕಪ್ಪು ಬಲೆಯ ಪರದೆ. ಆ ಪರದೆಯ ಸಂದಿನಿಂದ ಚಪ್ಪಟೆ ಮೂತಿಯ ಒಂದು ಸಣ್ಣ ನಾಯಿ, ಪಗ್ ಎನ್ನುತ್ತಾರಲ್ಲ ಅಂಥದ್ದು, ಆಕೆಯನ್ನೇ ನೋಡಿತು. ಮುಂದಿನ ಸೀಟಿನಿಂದ ರೇಷ್ಮೆ ಸೀರೆಯ ಹೆಂಗಸೊಬ್ಬಳು ತಟ್ಟೆ ಹಿಡಿದುಕೊಂಡು ಗೇಟಿನಲ್ಲೇ ಇಳಿದು ಒಳಗೆ ಓಡಿದಳು.

"ನಾಯಿನ ಒಳಗ್ ಬುಡ್ಬೇಡಪ್ಪ, ಬಿಸ್ಲು ಜಾಸ್ತಿ ಐತೆ," ಎಂದಳು ಮುನಿಕೆಂಪಮ್ಮ ಕಾರು ಓಡಿಸುತ್ತಿದ್ದವನಿಗೆ.

"ಇಲ್ಲ ಅಜ್ಜಿ, ಈಗ್ಲೇ ಕರ್ಕೊಂಡ್ ಹೋಗ್ತೀವಿ," ಎಂದು ಅವನು ಕೊನೆಯ ಸಾಲಿನತ್ತ ಗಾಡಿ ತಿರುಗಿಸಿದ. ಅಲ್ಲಿ ಹೊಂಗೆಮರದ ನೆರಳಿತ್ತು.

ಅವನ ಹೆಸರು ವಿಜಯ್ ಕುಮಾರ್, ಮದುಮಗಳ ಅಣ್ಣ. ಗೇಟಿನಲ್ಲಿ ಇಳಿದವಳು ಅವನ ಹೆಂಡತಿ ನಂದಿತಾ. ಇದೆಲ್ಲ ಮುನಿಕೆಂಪಮ್ಮನಿಗೆ ತಿಳಿದದ್ದು ಆಮೇಲೆ. ಆಗ ಆಕೆಗೆ ಕಂಡದ್ದು ಇಷ್ಟೇ: ಆ ಮನುಷ್ಯ ಕೈಯಲ್ಲೊಂದು ಪುಟ್ಟ ಪೆಟ್ಟಿಗೆ ಹಿಡಿದು, ಇನ್ನೊಂದು ಕೈಯಲ್ಲಿ ಫೋನು ಕಿವಿಗಿಟ್ಟುಕೊಂಡು, ಪಂಚೆ ಎತ್ತಿಕಟ್ಟಿ ಛತ್ರದ ಕಡೆ ಓಡಿದ. ಆ ಪೆಟ್ಟಿಗೆಯಲ್ಲಿದ್ದದ್ದು ಮಾಂಗಲ್ಯ, ಅದಕ್ಕಾಗಿ ಒಳಗೆ ಪುರೋಹಿತರು ಕೂಗುತ್ತಿದ್ದರು. ನಾಯಿ ಅವನ ಜೊತೆಗಿರಲಿಲ್ಲ. ಹೆಂಡತಿಯಾದರೂ ಬಂದು ಕರೆದುಕೊಂಡು ಹೋಗುತ್ತಾಳೆ ಎಂದು ಮುನಿಕೆಂಪಮ್ಮ ದಾರಿ ನೋಡಿದಳು. ಅಷ್ಟರಲ್ಲಿ ಗಂಡಿನ ಕಡೆಯ ಬಸ್ಸು ಬಂತು, ಅದರ ಹಿಂದೆ ಇನ್ನೊಂದು, ಗೇಟಿನಲ್ಲಿ ಗಾಡಿಗಳು ಸಿಕ್ಕಿಕೊಂಡವು.

ಗದ್ದಲ ಬಿಡಿಸಿ ಆಕೆ ತಿರುಗಿ ನೋಡಿದಾಗ ಹೊಂಗೆಮರದ ನೆರಳು ಬಿಳಿ ಕಾರನ್ನು ಬಿಟ್ಟು ಆಚೆಯ ಮಣ್ಣಿನ ಮೇಲೆ ಬಿದ್ದಿತ್ತು. ಕಾರು ಬಿಸಿಲಿನಲ್ಲಿ ಕಣ್ಣು ಕುಕ್ಕುತ್ತಿತ್ತು. ಯಾರೂ ಬಂದಿರಲಿಲ್ಲ.

ಶಿವರಾಮನ ಮಾತು ಆಕೆಗೆ ನೆನಪಿರಲಿಲ್ಲವೆಂದಲ್ಲ. ನೆನಪಿಟ್ಟುಕೊಂಡೇ ಆಕೆ ಗಾಡಿಗಳ ನಡುವೆ ನುಗ್ಗಿ ಹೋದಳು. ಮುಂದಿನ ಗಾಜಿನಿಂದ ನೋಡಿದರೆ ಪಗ್ಗು ಸೀಟಿನ ಮೇಲೆ ಅಡ್ಡಬಿದ್ದಿತ್ತು. ತೇಕುತ್ತಿತ್ತು, ಆದರೆ ಉಸಿರು ಎಳೆದೆಳೆದು ಬರುತ್ತಿತ್ತು, ಬಾಯಿಂದ ಅಂಟು ಜೊಲ್ಲು ಇಳಿಯುತ್ತಿತ್ತು. ಆಕೆ ಗಾಜು ತಟ್ಟಿದಳು. ಬಾಗಿಲುಗಳನ್ನೆಲ್ಲ ಎಳೆದಳು. ಸೀಟಿ ಊದಿದಳು. ಸರಿಯಾಗಿ ಆಗಲೇ ಒಳಗೆ ಧಾರೆಯ ವಾಲಗ ಮೊಳಗಿತು. ನಾಗಸ್ವರ, ಡೋಲು ಸ್ಪೀಕರುಗಳಲ್ಲಿ ಹೊಡೆದು ಆಕೆಯ ಸೀಟಿ ಆಕೆಗೇ ಕೇಳಿಸಲಿಲ್ಲ.

ಆಕೆ ಛತ್ರದ ಬಾಗಿಲಿಗೆ ಓಡಿದಳು. ಶಿವರಾಮ್ ಅಲ್ಲೇ ನಿಂತಿದ್ದ.

"ಮೈಕಲ್ಲಿ ಯೋಳ್ಸಪ್ಪ, ಬಿಳೀ ಕಾರು, ನಾಯಿ ಸಾಯ್ತೈತೆ."

"ಧಾರೆ ನಡೀತಾ ಇದೆ ಕೆಂಪಮ್ಮೋರೇ. ಈಗ ಮೈಕಲ್ಲಿ ಸಾಯೋ ಮಾತು ಆಡಿದ್ರೆ ಬೀಗರು ನನ್ನ ಉಳಿಸ್ತಾರಾ? ತಾಳಿ ಕಟ್ಟಲಿ, ನಾನೇ ಹೇಳ್ತೀನಿ."

ಅವನೊಂದಿಗೆ ವಾದ ಮಾಡುತ್ತ ನಿಲ್ಲಲು ಆಕೆಗೆ ಹೊತ್ತಿರಲಿಲ್ಲ. ಬಂದ ದಾರಿಯಲ್ಲೇ ತಿರುಗಿ ಓಡಿದಳು. ಮಂಡಿ ನೋವು ಆಗ ಎಲ್ಲಿ ಹೋಗಿತ್ತೋ. ಈ ಬಾರಿ ಹಿಂದಿನ ಕಿಟಕಿಗೆ ಎರಡೂ ಅಂಗೈ ಮರೆಮಾಡಿ ಹಣೆ ಒತ್ತಿ ನೋಡಿದಳು. ಕಪ್ಪು ಪರದೆಯ ಆಚೆ, ನಾಯಿಯ ಪಕ್ಕದಲ್ಲಿ, ಹೊದಿಕೆಯಂತೆ ಬಿದ್ದಿದ್ದ ರೇಷ್ಮೆ ಶಲ್ಯದ ಅಂಚಿನಿಂದ ಒಂದು ಪುಟ್ಟ ಪಾದ ಹೊರಚಾಚಿತ್ತು. ಪಾದಕ್ಕೆ ಕಾಲ್ಗೆಜ್ಜೆ ಇತ್ತು.

 ಮರುಕ್ಷಣ ಮುನಿಕೆಂಪಮ್ಮ, ಛತ್ರಕ್ಕೆ ನೀರು ತಂದು ಪಕ್ಕದಲ್ಲೇ ನಿಂತಿದ್ದ ಮಗನ ಟ್ಯಾಂಕರಿನ ಬಾಗಿಲು ತೆಗೆದು, ಸೀಟಿನಡಿ ಇದ್ದ ಜಾಕಿನ ಕಬ್ಬಿಣದ ರಾಡು ಎಳೆದುಕೊಂಡಿದ್ದಳು. ಟ್ಯಾಂಕರಿನ ಹಿಂದೆ ಪೈಪು ಬಿಚ್ಚುತ್ತಿದ್ದ ಯೋಗಾನಂದ ಓಡಿಬಂದ.

"ಅಮ್ಮ, ಏನ್ ಮಾಡ್ತಿದೀಯ, ಬೇಡ ಕಣಮ್ಮ."

"ಮಗು ಐತೆ ಕಣೋ ಒಳಗೆ. ನೀರು ಬುಡು ನೀನು."

ಮಗು ಇರುವ ಕಡೆ ಬೇಡವೆಂದು ಆಕೆ ಮುಂದಿನ ಎಡಗಡೆಯ ಗಾಜಿಗೆ ಬೀಸಿದಳು. ರಾಡು ಪುಟಿದು ವಾಪಸು ಬಂತು, ಗಾಜಿಗೆ ಏನೂ ಆಗಲಿಲ್ಲ. ಇನ್ನೊಮ್ಮೆ ಹೊಡೆದಳು, ಮತ್ತೂ ಏನೂ ಆಗಲಿಲ್ಲ. "ಮೂಲೆಗೆ ಹೊಡಿ," ಎಂದ ಯೋಗಾನಂದ.  ಆಕೆ ಸೆರಗು ಸೊಂಟಕ್ಕೆ ಬಿಗಿದು, ಹಿಂದೆ ರಾಗಿ ತೆನೆ ಬಡಿಯುತ್ತಿದ್ದ ರಟ್ಟೆಯ ಬಲವನ್ನೆಲ್ಲ ತಂದುಕೊಂಡು ಗಾಜಿನ ಕೆಳಮೂಲೆಗೆ ಹೊಡೆದಳು. ಇಡೀ ಗಾಜು ಕಲ್ಲುಸಕ್ಕರೆಯ ಹಾಗೆ ಪುಡಿಯಾಗಿ ಉದುರಿತು. ಒಳಗಿನಿಂದ ಒಲೆಯ ಬಾಯಿ ತೆಗೆದಂತೆ ಬಿಸಿಗಾಳಿ ಮುಖಕ್ಕೆ ಬಡಿಯಿತು. ಕಾರಿನ ಅಲಾರಾಂ ಕಿರುಚತೊಡಗಿತು.

ವಾಲಗಕ್ಕಿಂತ ಆ ಕಿರುಚಾಟ ಜೋರಾಗಿತ್ತು. ಛತ್ರದ ಬಾಗಿಲಲ್ಲಿದ್ದವರು ತಿರುಗಿ ನೋಡಿದರು, ಒಬ್ಬರ ಹಿಂದೆ ಒಬ್ಬರು ಹೊರಗೆ ಬಂದರು. ಅವರು ಬರುವಷ್ಟರಲ್ಲಿ ಮುನಿಕೆಂಪಮ್ಮ ಒಳಗೆ ಕೈ ಹಾಕಿ ಬಾಗಿಲು ತೆಗೆದು, ಮಗುವನ್ನು ಎತ್ತಿಕೊಂಡು ಟ್ಯಾಂಕರಿನ ನೆರಳಿಗೆ ತಂದಿದ್ದಳು. ಮೂರು ವರ್ಷದ ಹೆಣ್ಣುಮಗು. ರೇಷ್ಮೆ ಲಂಗ ರವಿಕೆ, ತಲೆ ತುಂಬ ಮಲ್ಲಿಗೆ. ಮುಖ ಕೆಂಪೇರಿತ್ತು, ಮೈ ಸುಡುತ್ತಿತ್ತು, ಕತ್ತು ವಾಲುತ್ತಿತ್ತು. ಹೆಸರು ಗೊತ್ತಿಲ್ಲದೆ ಆಕೆ "ಪುಟ್ಟಿ, ಏ ಪುಟ್ಟಿ" ಎಂದು ಕರೆದಳು. ಮಗು ಏನೋ ಗುನುಗಿತೇ ಹೊರತು ಕಣ್ಣು ಬಿಡಲಿಲ್ಲ.

ಯೋಗಾನಂದ ಪೈಪು ತಿರುಗಿಸಿದ. ಮೊದಲು ಬಂದ ನೀರು ಪೈಪಿನಲ್ಲಿ ಬಿಸಿಲಿಗೆ ಕಾದು ಸುಡುತ್ತಿತ್ತು. "ತಡಿ, ಅದು ಓಗ್ಲಿ," ಎಂದಳು. ತಣ್ಣೀರು ಬಂದ ಮೇಲೆ ಟವಲು ಬಿಚ್ಚಿ ನೆನೆಸಿದಳು. ಅಷ್ಟರಲ್ಲಿ ಜನರ ನಡುವಿನಿಂದ ಹಸಿರು ರೇಷ್ಮೆ ಸೀರೆಯ ಯುವತಿಯೊಬ್ಬಳು ಮಂಡಿಯೂರಿ ಕೂತಳು.

"ನಾನು ನರ್ಸು. ನಯನಾ ಅಂತ. ಇಲ್ಲಿ ಕೊಡಿ ಅಮ್ಮ."

ನಯನಾ ಮಗುವಿನ ರೇಷ್ಮೆ ಬಟ್ಟೆಯನ್ನು ಬಿಚ್ಚಿಹಾಕಿದಳು. ತಲೆಯಿಂದ ಕಾಲಿನವರೆಗೆ ನೀರು ಹಾಕಿದಳು. ಕುತ್ತಿಗೆಗೆ, ಕಂಕುಳಿಗೆ, ತೊಡೆಸಂದಿಗೆ ಒದ್ದೆ ಬಟ್ಟೆ ಇಟ್ಟು, ಬದಲಿಸುತ್ತ, "ಬೀಸ್ರಿ, ಎಲ್ರೂ ಬೀಸ್ರಿ" ಎಂದಳು. ಬಡಿಸಲೆಂದು ತಂದಿದ್ದ ಬಾಳೆಎಲೆ ಹಿಡಿದು ಅಡುಗೆಯವರು ಬೀಸಿದರು, ಮದುವೆಯ ಶಲ್ಯಗಳಿಂದ ಬೀಗರು ಬೀಸಿದರು. ಯಾರೋ ಒಬ್ಬರು ಜ್ಯೂಸು ತಂದು ಮಗುವಿನ ಬಾಯಿಗೆ ಹಿಡಿಯಲು ಹೋದಾಗ ನಯನಾ ಕೈ ತಡೆದಳು. "ಎಚ್ಚರ ಇಲ್ದೋರ ಬಾಯಿಗೆ ಏನೂ ಹಾಕ್ಬೇಡಿ. ಉಸಿರಿಗೆ ಸಿಕ್ಕೊಳ್ಳುತ್ತೆ. ಆಂಬುಲೆನ್ಸಿಗೆ ಫೋನ್ ಮಾಡಿ."

ಮಗು ನಯನಾಳ ಕೈಯಲ್ಲಿತ್ತು. ಮುನಿಕೆಂಪಮ್ಮ ಎದ್ದು ಕಾರಿಗೆ ವಾಪಸು ಹೋದಳು. ಎಲ್ಲರೂ ಮರೆತಿದ್ದ ಪಗ್ಗನ್ನು ಎತ್ತಿ ತಂದು, ಜೈನಾಬ್ ಡಾಕ್ಟರು ತೋರಿಸಿಕೊಟ್ಟ ಹಾಗೆಯೇ ಹೊಟ್ಟೆ, ಪಾದ ನೆನೆಸಿ, ತನ್ನ ಸೆರಗಿನಿಂದಲೇ ಬೀಸತೊಡಗಿದಳು. ಗೋಣಿಚೀಲದ ತಪ್ಪನ್ನು ಆಕೆ ಎರಡನೆಯ ಸಲ ಮಾಡಲಿಲ್ಲ.

ನಂದಿತಾ ಓಡಿಬಂದಳು. ಅವಳ ಹಿಂದೆ, ಮದುವೆಯ ಮಂಟಪದಿಂದಲೇ ಇಳಿದುಬಂದ ವಿಜಯ್ ಕುಮಾರ್. ಒಡೆದ ಗಾಜು, ರಾಡು, ಜನ ಇದಿಷ್ಟೇ ಮೊದಲು ಅವನ ಕಣ್ಣಿಗೆ ಬಿದ್ದವು. "ಯಾರ್ರೀ ಗಾಜು ಒಡೆದಿದ್ದು" ಎಂದು ಬಾಯಿ ತೆರೆದವನು ನೆಲದ ಮೇಲಿದ್ದ ಮಗಳನ್ನು ನೋಡಿದ. ಹೋಗಿ ಅವಳ ತಲೆಯ ಬಳಿ ಮಂಡಿಯೂರಿದ.

"ಇಂಚರಾ," ಎಂದು ನಂದಿತಾ ಮಗುವಿನ ಕಾಲು ಹಿಡಿದುಕೊಂಡಳು. "ಕರ್ಕೊಂಡ್ ಬಂದೆ ಅಂದ್ರಲ್ಲ ನೀವು ಫೋನಲ್ಲಿ."

"ಬಂದೆ ಅನ್ಲಿಲ್ಲ. ಬಾ ಅಂದೆ. ಕಾರಲ್ಲಿ ಮಲಗಿದಾಳೆ, ಇನ್ನೊಂದ್ ಕೀ ನಿನ್ ಹತ್ರ ಇದೆಯಲ್ಲ, ಕರ್ಕೊಂಡ್ ಬಾ ಅಂದೆ," ಎಂದ ಅವನು. ವಾಲಗದ ಸದ್ದಿನಲ್ಲಿ ಒಂದು ಮಾತಿನ ಬಾಲ ಕಳೆದುಹೋಗಿತ್ತು. ತಾಯಿ ಮಗು ಗಂಡನ ಹತ್ತಿರ ಇದೆ ಎಂದುಕೊಂಡಿದ್ದಳು, ತಂದೆ ಹೆಂಡತಿ ಆಗಲೇ ಕರೆತಂದಿದ್ದಾಳೆ ಎಂದುಕೊಂಡು ಮಂಟಪದಲ್ಲಿ ಕೂತಿದ್ದ.

ಆಗ ಮಗು ಅತ್ತಿತು. ಮೊದಲು ಸಣ್ಣದಾಗಿ, ಬೆಕ್ಕಿನಮರಿಯಂತೆ. ಆಮೇಲೆ ಬಾಯಿ ದೊಡ್ಡದಾಗಿ ತೆರೆದು, ತನ್ನ ಬಟ್ಟೆ ಬಿಚ್ಚಿದವರ ಮೇಲೆ, ನೀರು ಹಾಕಿದವರ ಮೇಲೆ, ಇಡೀ ಹುಣಸಮಾರನಹಳ್ಳಿಯ ಮೇಲೆ ಸಿಟ್ಟು ತೀರಿಸಿಕೊಳ್ಳುವವಳ ಹಾಗೆ ಅತ್ತಿತು. "ಅಮ್ಮಾ" ಎಂದಿತು. ನಯನಾ ಕಣ್ಣು ಮುಚ್ಚಿ ಉಸಿರು ಬಿಟ್ಟಳು. ಬಾಳೆಎಲೆ ಹಿಡಿದಿದ್ದ ಅಡುಗೆಯ ಭಟ್ಟರು ಎಲೆಯಲ್ಲೇ ಮುಖ ಮುಚ್ಚಿಕೊಂಡರು. ಮುನಿಕೆಂಪಮ್ಮನಿಗೆ ತನ್ನ ಅಂಗೈಯಲ್ಲಿ ರಕ್ತ ಬರುತ್ತಿದೆ ಎಂದು ಗೊತ್ತಾದದ್ದೇ ಆಗ.

ಮಗುವಿಗೆ ಜೀವ ಬಂತು ಎಂದಾದ ಮೇಲೆ ಜನಕ್ಕೆ ನಾಲಿಗೆ ಬಂತು. ಎಂಥಾ ತಾಯಿ, ಓದಿದವರಾಗಿ ಹೀಗಾ, ಸೀರೆ ಒಡವೆ ಮೇಲಿರೋ ನಿಗಾ ಮಗೂ ಮೇಲಿಲ್ಲ. ಒಬ್ಬ ಫೋನು ಎತ್ತಿ ನಂದಿತಾಳ ಮುಖದ ಹತ್ತಿರ ಹಿಡಿದು ವಿಡಿಯೋ ತೆಗೆಯತೊಡಗಿದ. ಮುನಿಕೆಂಪಮ್ಮ ಒದ್ದೆ ಪಗ್ಗನ್ನು ಕಂಕುಳಲ್ಲಿ ಇರುಕಿಕೊಂಡೇ ಎದ್ದು ನಿಂತು ಆ ಫೋನಿಗೆ ಅಡ್ಡಬಂದಳು.

"ಒಳಿಕ್ ಇಡಪ್ಪ ಅದ್ನ. ಯಾಕೆ, ನಿಮ್ಗೆ ಯಾವತ್ತೂ ಏನೂ ಮರ್ತೇ ಇಲ್ವಾ? ಇದೇ ಜಾಗ್ದಲ್ಲಿ, ಇದೇ ಕಂಬಕ್ಕೆ ಸೀರೆ ಕಟ್ಟಿ ಇವ್ನ ತೂಗಾಕಿ ನಾನು ಕಳೆ ಕೀಳ್ತಿದ್ದೆ," ಎಂದು ಯೋಗಾನಂದನ ಕಡೆ ಕೈ ತೋರಿಸಿದಳು. "ಬಗ್ಗಿದೋಳು ಎದ್ ನೋಡೋ ಹೊತ್ಗೆ ನೆರಳು ಮಗೂನ ಬಿಟ್ ಓಗಿರ್ತಿತ್ತು. ಅಕ್ಕಪಕ್ಕದೋರು ಕೂಗಿ ಯೋಳೋರು, ಅದುಕ್ಕೆ ಬದುಕ್ದ. ನೆರಳ್ನ ನಂಬ್ಕೊಂಡ್ ಕೂರಕ್ಕಾಗಲ್ಲ, ಅದುಕ್ಕೂ ಕಾಲೈತೆ. ಮಕ್ಳು ಒಬ್ರು ಕಣ್ಣಲ್ ಬೆಳ್ಯಲ್ಲ. ಎಲ್ರೂ ನೋಡ್ಬೇಕು."

 ಫೋನು ಜೇಬಿಗೆ ಹೋಯಿತು. ನಂದಿತಾ ಎದ್ದು ಬಂದು, ಮಣ್ಣು ನೀರು ರಕ್ತ ಹತ್ತಿದ್ದ ಆ ಹಳೆಯ ಶರ್ಟಿಗೆ ಮುಖ ಒತ್ತಿ ಅತ್ತಳು. ಆಂಬುಲೆನ್ಸ್ ಬಂದು ತಾಯಿ, ತಂದೆ, ಮಗು, ಜೊತೆಗೆ ನಯನಾಳನ್ನೂ ಕರೆದುಕೊಂಡು ಹೋಯಿತು. ಯೋಗಾನಂದ ಪಗ್ಗನ್ನು ಟ್ಯಾಂಕರಿನಲ್ಲಿ ಹಾಕಿಕೊಂಡು ಜೈನಾಬ್ ಡಾಕ್ಟರ ಹತ್ತಿರ ಹೊರಟ. ಹೊರಡುವ ಮುನ್ನ ತಾಯಿಯ ಅಂಗೈಗೆ ಬಟ್ಟೆ ಸುತ್ತುತ್ತ, "ಇನ್ಮೇಲೆ ಬೇಡ ಅನ್ನಲ್ಲ ಕಣಮ್ಮ," ಎಂದ. 

ಸಂಜೆಗೆ ಸುದ್ದಿ ಬಂತು. ಇಂಚರ ಆಸ್ಪತ್ರೆಯ ಮಂಚದ ಮೇಲೆ ಕೂತು ಐಸ್‌ಕ್ರೀಮು ಕೇಳುತ್ತಿದ್ದಾಳೆ, ಡಾಕ್ಟರು ಎರಡು ದಿನ ಇಟ್ಟುಕೊಂಡು ನೋಡುತ್ತಾರಂತೆ. ಇನ್ನೂ ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದರಂತೆ. ಪಗ್ಗು ಜೈನಾಬ್ ಡಾಕ್ಟರ ಬಳಿ ನೀರು ಕುಡಿದು ಮಲಗಿತ್ತು. ಛತ್ರ ಖಾಲಿಯಾದ ಮೇಲೆ ಶಿವರಾಮ್ ಎಲೆ ತುಂಬ ಒಬ್ಬಟ್ಟು ಕಟ್ಟಿಸಿಕೊಂಡು ಗೇಟಿಗೆ ಬಂದ. ಅದನ್ನು ಆಕೆಯ ಕೈಗಿಟ್ಟ.

"ತಾಳಿ ಕಟ್ಟಲಿ ಅಂದ್ನಲ್ಲ ಕೆಂಪಮ್ಮೋರೇ ನಾನು," ಎಂದ.

"ನಾಯಿ ಅಂದಿದ್ನಲ್ಲಪ್ಪ ನಾನೂ. ಮಗು ಇರೋದು ನಂಗೂ ಗೊತ್ತಿರ್ಲಿಲ್ಲ."

"ನಾಯಿ ಆದ್ರೂ ಹೇಳ್ಬೇಕಿತ್ತು," ಎಂದ ಶಿವರಾಮ್. "ನಾಳೆಯಿಂದ ಮೈಕು ನಿಮ್ದು. ಧಾರೆ ಆಗ್ಲಿ, ಆರತಕ್ಷತೆ ಆಗ್ಲಿ, ನಿಮಗೆ ಯಾವಾಗ ಬೇಕೋ ಆವಾಗ."

ಅವನು ಮಾತಿಗೆ ತಪ್ಪಲಿಲ್ಲ. ಮುಂದಿನ ಮದುವೆಯಲ್ಲಿ ಮೈಕು ಕೈಗೆ ಕೊಟ್ಟಾಗ ಮುನಿಕೆಂಪಮ್ಮ ಮೊದಲು ಅದನ್ನು ತಿರುವು ಮುರುವು ನೋಡಿದಳು. ಆಮೇಲೆ ಹೊಲದ ಆ ಬದಿಯಲ್ಲಿರುವವರನ್ನು ಕೂಗುವ ದನಿಯಲ್ಲಿ ಮಾತಾಡಿದಳು. ಇಡೀ ಛತ್ರ ಬೆಚ್ಚಿತು.

"ಮದ್ವೆಗ್ ಬಂದಿರೋ ಅಣ್ಣತಮ್ಮಂದ್ರು, ಅಕ್ಕತಂಗೇರು ಕೇಳಿ. ಎಲೆ ಮುಂದೆ ಕೂರೋಕ್ ಮುಂಚೆ ನಿಮ್ ನಿಮ್ ಮಕ್ಳು ಎಲ್ಲವ್ರೆ ನೋಡ್ಕಳಿ. ಅವ್ರತ್ರ ಐತೆ, ಇವ್ರತ್ರ ಐತೆ ಅನ್ಬೇಡಿ, ಕಣ್ಣಾರೆ ನೋಡಿ. ನಾಯಿ ತಂದೋರು ಒಳಿಕ್ ಕರ್ಕೊಂಡ್ ಬನ್ನಿ, ಇಲ್ದಿದ್ರೆ ನನ್ನತ್ರ ಬುಡಿ. ನನ್ ಕೈಲಿ ಒಳ್ಳೇ ರಾಡೈತೆ."

ಜನ ನಕ್ಕರು. ನಗುತ್ತಲೇ ಹತ್ತಾರು ತಲೆಗಳು ಅತ್ತಿತ್ತ ತಿರುಗಿ ಮಕ್ಕಳನ್ನು ಹುಡುಕಿದವು. ಒಬ್ಬಾತ ನಗು ನಿಲ್ಲಿಸಿ ಪಾರ್ಕಿಂಗಿನ ಕಡೆ ಓಡಿಯೇ ಹೋದ.

ಆ ಬೇಸಿಗೆ ಮುಗಿಯುವ ಮೊದಲೇ ವಿಜಯ್ ಕುಮಾರ್ ತನ್ನ ಗೆಳೆಯರನ್ನು ಕರೆದುಕೊಂಡು ಬಂದು, ದ್ರಾಕ್ಷಿಯ ಕಲ್ಲುಕಂಬಗಳಿಗೆ ತಂತಿ ಎಳೆದು, ನರ್ಸರಿಗಳಲ್ಲಿ ಕಟ್ಟುವಂಥ ಹಸಿರು ಬಲೆ ಹೊದಿಸಿದ. ಕಂಬಗಳ ಎತ್ತರ ಸಾಲದೆ ಮೇಲೆ ಕಬ್ಬಿಣದ ಕೊಳವೆ ಕೂಡಿಸಬೇಕಾಯಿತು. ಬಲೆಯಡಿ ಡ್ರೈವರುಗಳಿಗೆ ಬೆಂಚು, ಮಕ್ಕಳಿಗೆ ಮಣ್ಣಿನ ಹೂಜಿಯಲ್ಲಿ ನೀರು, ನಾಯಿಗಳಿಗೆ ಕಲ್ಲಿನ ಬಾನಿ. ಜೈನಾಬ್ ಮತ್ತು ನಯನಾ ಒಂದು ಭಾನುವಾರ ಬಂದು, ಸುತ್ತಲ ಛತ್ರಗಳ ವಾಚ್‌ಮನ್ನುಗಳನ್ನು, ಸ್ಕೂಲ್ ವ್ಯಾನಿನವರನ್ನು ಅದೇ ಬಲೆಯಡಿ ಕೂರಿಸಿ, ಬಿಸಿಲು ಹೊಡೆದಾಗ ಏನು ಮಾಡಬೇಕು, ಏನು ಮಾಡಬಾರದು ಎಂದು ತೋರಿಸಿಕೊಟ್ಟರು. ನಾಯಿಗೆ ನೀರು ಹಾಕುವುದನ್ನು ತೋರಿಸಲು ರಾಣಿಯನ್ನು ನಿಲ್ಲಿಸಿದರು. ಅದು ತಣ್ಣೀರಿನ ಸುಖಕ್ಕೆ ಕಣ್ಣು ಮುಚ್ಚಿ, ಪಾಠ ಮುಗಿದರೂ ಏಳಲಿಲ್ಲ. ಮುನಿಕೆಂಪಮ್ಮನ ಮಾತು ರಸ್ತೆಯ ಆಚೆ ಈಚೆಯ ಛತ್ರಗಳಲ್ಲೂ ಕೇಳತೊಡಗಿತು. ಕೆಲವರು ಆಕೆಯ 'ಎಲ್ಲವ್ರೆ ನೋಡ್ಕಳಿ'ಯನ್ನು ಹಾಗೆಯೇ ಫೋನಿನಲ್ಲಿ ಹಿಡಿದುಕೊಂಡು ಹೋಗಿ ಮೈಕಿನಲ್ಲಿ ಹಾಕಿದರು.

ಮಾರನೆಯ ಏಪ್ರಿಲ್‌ನಲ್ಲಿ ಜಕ್ಕೂರಿನ ಕಡೆಯವರದೊಂದು ಮದುವೆ. ಅಂದೂ ಬಿಸಿಲು ಹಾಗೆಯೇ ಉರಿಯುತ್ತಿತ್ತು. ಹೂವಿನಿಂದ ಸಿಂಗರಿಸಿದ ಕಾರಿನ ಹಿಂದಿನ ಸೀಟಿನಲ್ಲಿ ದೊಡ್ಡದೊಂದು ಲ್ಯಾಬ್ರಡಾರ್ ಕೂತಿರುವುದು ಮುನಿಕೆಂಪಮ್ಮನ ಕಣ್ಣಿಗೆ ಬಿತ್ತು. ಡ್ರೈವರು ಎಸಿ ಹಾಕಿಕೊಂಡು ಪಕ್ಕದಲ್ಲೇ ಇದ್ದ. ಆದರೂ ಆಕೆ ಒಪ್ಪಲಿಲ್ಲ. ಗಾಡಿ ಆಫ್ ಆದರೆ ಏನು ಗತಿ ಎಂದು ಮೈಕಿಗೆ ನಡೆದಳು.

"ಹೂವಿನ್ ಕಾರಲ್ಲಿರೋ ನಾಯಿ ಯಾರ್ದಪ್ಪ? ಬಂದ್ ಇಳಿಸ್ಕೊಳ್ಳಿ."

ಮಂಟಪದ ಮೇಲೆ, ಕೈಗೆ ಕಂಕಣ ಕಟ್ಟಿಸಿಕೊಳ್ಳುತ್ತಿದ್ದ ಮದುಮಗಳು ತಲೆ ಎತ್ತಿದಳು. "ನಂದೇ ಅಜ್ಜಿ," ಎಂದಳು ಮೆಲ್ಲಗೆ. ಆಮೇಲೆ ಸೋದರತ್ತೆಯ ಮುಖ ನೋಡಿ ದನಿ ಎತ್ತಿದಳು. "ಒಳಗೆ ಕರ್ಕೊಂಡ್ ಬರ್ಬೇಡ ಅಂದ್ರು. ಅದಕ್ಕೇ ಅಲ್ಲಿದೆ."

ಛತ್ರವೆಲ್ಲ ಹುಡುಗಿಯ ಸೋದರತ್ತೆಯ ಕಡೆ ನೋಡಿತು. ಸೋದರತ್ತೆ ಪುರೋಹಿತರ ಕಡೆ ನೋಡಿದಳು. ವಯಸ್ಸಾದ ಪುರೋಹಿತರು ಅಕ್ಷತೆಯ ತಟ್ಟೆ ಕೆಳಗಿಟ್ಟು, "ಮುಹೂರ್ತಕ್ಕೆ ಇನ್ನೂ ಹೊತ್ತಿದೆ. ಬಿಸಿಲಲ್ಲಿ ಜೀವ ಕಾಯಿಸಿ ಯಾವ ಮಂತ್ರ ಹೇಳೋದು? ಕರ್ಕೊಂಡ್ ಬನ್ನಿ," ಎಂದರು.

ಮುನಿಕೆಂಪಮ್ಮ ಆ ದೊಡ್ಡ ನಾಯಿಯ ಪಟ್ಟಿ ಹಿಡಿದು ಛತ್ರದ ನಡುವಿನ ಕೆಂಪು ಹಾಸಿನ ಮೇಲೆ ನಡೆದುಬಂದಳು. ಯಾರೋ ಚಪ್ಪಾಳೆ ತಟ್ಟಿದರು, ಮಕ್ಕಳು ಕುರ್ಚಿ ಹತ್ತಿ ನಿಂತರು, ಫೋಟೋದವನು ಮದುಮಗನನ್ನು ಬಿಟ್ಟು ಈ ಕಡೆ ಓಡಿಬಂದ. ನಾಯಿ ಮಂಟಪದ ಪಕ್ಕದ ದೊಡ್ಡ ಫ್ಯಾನಿನ ಎದುರು ನಾಲ್ಕೂ ಕಾಲು ಚಾಚಿ ಮಲಗಿತು. ಮದುಮಗಳು ನಗುನಗುತ್ತ ಕಂಕಣದ ಕೈ ಮತ್ತೆ ಮುಂದೆ ಚಾಚಿದಳು.

ಧಾರೆ ಮುಗಿದು ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಮುನಿಕೆಂಪಮ್ಮ ಹೊರಗೆ ಹೊರಟಿದ್ದಳು. ಶಿವರಾಮ್ ತಡೆದು, ಮೊದಲ ಪಂಕ್ತಿಯಲ್ಲಿ ಬೀಗರ ಸಾಲಿನಲ್ಲೇ ಒಂದು ಎಲೆ ತೋರಿಸಿದ. ಪಾರ್ಕಿಂಗಿನ ಕಾರುಗಳನ್ನೆಲ್ಲ ಯೋಗಾನಂದ ಒಂದು ಸುತ್ತು ನೋಡಿಬಂದು, ದೂರದಿಂದಲೇ ಏನೂ ಇಲ್ಲ ಎಂದು ಕೈಯಾಡಿಸಿದ. ಆಕೆ ಶರ್ಟಿನ ತೋಳು ಮಡಚಿಕೊಂಡು ಎಲೆಯ ಮುಂದೆ ಕೂತಳು. ಬಡಿಸುವವನು ಒಬ್ಬಟ್ಟು ಹಿಡಿದು ನಿಂತಾಗ, "ಎರಡ್ ಆಕಪ್ಪ, ತುಪ್ಪ ಜಾಸ್ತಿ ಇರ್ಲಿ," ಎಂದಳು.